ದೊಡ್ಡ ಅಳಿಯಂದಿರ ಕೈಯಲ್ಲಿದ್ದ ಹೆಸರು

ಮನುಷ್ಯಕುಲದ ದುಃಖಗಳಿಗೆಲ್ಲ ಮೂಲ ಅಸೂಯೆ ಎಂದು ಬಲ್ಲವರು ಗಂಭೀರವಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ಮೂಲ ಅನಾರಸ.

ಅಧಿಕ ಮಾಸ ಬಂದಿದೆ. ಹಿಮಾಯತ್‌ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಬೀದರ ಕಡೆಯವರು. ಮೊನ್ನೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲು ತೆರೆದರೆ ತುಪ್ಪದಲ್ಲಿ ಬೇಯುವ ಬೆಲ್ಲ, ನೆನೆಸಿ ಕುಟ್ಟಿದ ಅಕ್ಕಿ, ಗಸಗಸೆ, ಮೂರರ ವಾಸನೆಯೂ ಒಟ್ಟಿಗೆ ಬಂತು; ಅನಾರಸ ಕರಿಯುತ್ತಿದ್ದರು. ಪ್ಯಾಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ... ನಮ್ಮ ಕಡೆ ಈ ತಿಂಗಳಲ್ಲಿ ಅಳಿಯಂದಿರನ್ನು ಕರೆದು, ತಟ್ಟೆಯಲ್ಲಿ ಮೂವತ್ತಮೂರು ಅನಾರಸ ಜೋಡಿಸಿ, ಮೇಲೊಂದು ದೀಪವಿಟ್ಟು ದಾನ ಕೊಡುತ್ತಾರೆ. ಆ ಹೊತ್ತಿಗೆ ಅಳಿಯನೆಂದರೆ ಸಾಕ್ಷಾತ್ ವಿಷ್ಣು. ನನ್ನ ಅತ್ತೆಯವರಿಗೆ ಇಬ್ಬರು ಹೆಣ್ಣುಮಕ್ಕಳು, ಆದ್ದರಿಂದ ಇಬ್ಬರು ವಿಷ್ಣುಗಳು. ತಟ್ಟೆಗಳ ಲೆಕ್ಕದಲ್ಲಿ ಎಂದೂ ಭೇದವಿರಲಿಲ್ಲ. ಆದರೆ ನನ್ನ ಪಕ್ಕದಲ್ಲಿ ಕೂತ ವಿಷ್ಣುವಿನ ಅನಾರಸಗಳ ಮೈಗೆ ಜಾಳಿ, ಅಂದರೆ ಬಲೆಯಂಥ ತೂತು, ಚೆನ್ನಾಗಿ ಬಿದ್ದಿರುತ್ತಿತ್ತು. ಇದನ್ನು ನಾನು ಪ್ರತಿ ಅಧಿಕ ಮಾಸದಲ್ಲೂ ಖುದ್ದಾಗಿ ಪರಿಶೀಲಿಸಿದ್ದೇನೆ.

ಪಕ್ಕದ ವಿಷ್ಣು ನನ್ನ ಷಡ್ಡಕರು. ನನ್ನ ಹೆಂಡತಿಯ ಅಕ್ಕನ ಗಂಡ, ಮನೆಯ ದೊಡ್ಡ ಅಳಿಯ. ಬೇಗಂಪೇಟೆಯ ಒಂದು ಕಂಪನಿಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದರು. ನಾನು ಸರ್ಕಾರದ ಲೆಕ್ಕ ತಪಾಸಣೆಯಲ್ಲಿದ್ದೆ. ನ್ಯಾಯವಾಗಿ ನೋಡಿದರೆ ಹುದ್ದೆಯಲ್ಲಿ ನಾನೇ ಮೇಲು. ನ್ಯಾಯವಾಗಿ ನೋಡುವವರು ಮಾವನವರ ಮನೆಯಲ್ಲಿ ಯಾರೂ ಇರಲಿಲ್ಲ. ಷಡ್ಡಕರು ಬಂದರೆ ಮನೆಗೆ ಬೆಳಕು ಬಂದಂತೆ. ನಾನು ಬಂದರೆ ಫ್ಯಾನು ಹಾಕುತ್ತಿದ್ದರು. ಅವರಿಗೆ ದೊಡ್ಡ ನಗುವಿತ್ತು. ತೆಲುಗಿನವರ ಜೊತೆ ತೆಲುಗು, ಆಟೋದವರ ಜೊತೆ ದಖನಿ, ಅತ್ತೆಯವರ ಜೊತೆ ಅಪ್ಪಟ ಬಿಜಾಪುರದ ಮಾತು. ಅಬಿಡ್ಸ್‌ನ ಆಟೋದವರು ಅವರನ್ನು ‘ಭಾಯಿ’ ಎನ್ನುತ್ತಿದ್ದರು, ನನ್ನನ್ನು ‘ಅಂಕಲ್’. ನಾನು ಅವರಿಗಿಂತ ನಾಲ್ಕು ವರ್ಷ ಸಣ್ಣವನು.

ಇದೆಲ್ಲವನ್ನೂ ನಾನು ಸಹಿಸಿಕೊಂಡೆ. ಸಹಿಸಿಕೊಳ್ಳಲಾಗದ್ದು ಡೊಮೈನ್ ಹೆಸರಿನ ಸಂಗತಿ.

ಮಾವನವರಿಗೆ ಅಬಿಡ್ಸ್‌ನಲ್ಲಿ ಲಗ್ನಪತ್ರಿಕೆಯ ಅಂಗಡಿಯಿತ್ತು. ಕನ್ನಡ, ಮರಾಠಿ, ತೆಲುಗು, ಉರ್ದು, ಯಾವ ಭಾಷೆಯ ಮದುವೆಗಾದರೂ ಪತ್ರಿಕೆ ಅಲ್ಲಿ ಸಿಗುತ್ತಿತ್ತು. ಕಲಬುರಗಿ, ರಾಯಚೂರು, ಬೀದರದ ಮಂದಿ ಮೊದಲು ಬಸ್ಸು ಹತ್ತಿ ಬಂದು ಬರೆದುಕೊಡುತ್ತಿದ್ದ ಮ್ಯಾಟರನ್ನು ಬರಬರುತ್ತಾ ಇಮೇಲ್ ಮಾಡತೊಡಗಿದರು. ತಿದ್ದುಪಡಿಗೆ ಪ್ರೂಫು ಹೋಗುವುದೂ ಇಮೇಲಿನಲ್ಲೇ. ಆಗ ಷಡ್ಡಕರು ಅಂಗಡಿಯ ಹೆಸರಿನಲ್ಲೇ ಒಂದು ಡೊಮೈನ್ ಕೊಂಡು, ಒಂದು ಪುಟದ ವೆಬ್‌ಸೈಟು, ಎರಡು ಮೇಲ್ ವಿಳಾಸ ಮಾಡಿಕೊಟ್ಟರು. ಮಾವನವರಿಗೆ ಅದನ್ನು ವಿವರಿಸಿದ ದಿನ ನಾನೂ ಅಂಗಡಿಯಲ್ಲಿದ್ದೆ.

“ಮಾವಾರ, ಈ ಹೆಸರಿನ ಒಳಗ ಏನೂ ಇರೂದಿಲ್ಲರಿ. ಅದು ಬರೇ ಕೈ ಮಾಡಿ ತೋರಸತೈತಿ. ಅಂಗಡಿ ನೋಡಬೇಕು ಅಂದವರಿಗೆ ಒಂದು ಕಡೆ ತೋರಸತೈತಿ, ಟಪಾಲು ಹಾಕಬೇಕು ಅಂದವರಿಗೆ ಇನ್ನೊಂದು ಕಡೆ. ಯಾರಿಗೆ ಎಲ್ಲಿ ತೋರಸಬೇಕು ಅಂತ ಬರದಿಡೂದಕ್ಕ ರೆಕಾರ್ಡ್ ಅಂತಾರ.”

“ಅಂದ್ರ ನಮ್ಮ ಅಬಿಡ್ಸ್ ಪೋಸ್ಟಾಫೀಸ್ ಮುಂದಿನ ಪಾನವಾಲಾ ಇದ್ದಂಗ,” ಎಂದರು ಮಾವನವರು.

“ಥೇಟ್ ಹಂಗ್ರಿ.”

ಇಬ್ಬರೂ ನಕ್ಕರು. ಪಾನವಾಲಾನ ಉಪಮೆ ನನಗೂ ಹೊಳೆದಿತ್ತು. ಹೇಳಲು ಅವಕಾಶ ಸಿಗಲಿಲ್ಲ.

ಆ ಕಾಲದಲ್ಲಿ ಒಂದು ಡೊಮೈನ್ ಯಾರದು, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಜಗತ್ತಿನ ಯಾವ ಮೂಲೆಯಲ್ಲಿ ಕೂತವರೂ ತೆಗೆದು ನೋಡಬಹುದಿತ್ತು. ಕಚೇರಿಯಲ್ಲಿ ಕೆಲಸ ಕಡಿಮೆ ಇದ್ದ ಒಂದು ಮಧ್ಯಾಹ್ನ ನಾನೂ ನೋಡಿದೆ. ಮಾಲೀಕರು: ಮಾವನವರು. ಆಡಳಿತದ ಸಂಪರ್ಕ: ಷಡ್ಡಕರು. ತಾಂತ್ರಿಕ ಸಂಪರ್ಕ: ಷಡ್ಡಕರು. ನನ್ನ ಹೆಸರು ಭೂಮಂಡಲದಲ್ಲಿ ಎಲ್ಲೂ ಇರಲಿಲ್ಲ.

ಲಗ್ನಪತ್ರಿಕೆಯ ಅಂಗಡಿಯ ಬಳಗದವರಿಗೆ ಇದು ಸಣ್ಣ ವಿಷಯವಲ್ಲ. ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಕಾಕಾನ ಹೆಸರು ಸೋದರಮಾವನ ಹೆಸರಿಗಿಂತ ಕೆಳಗೆ ಬಿತ್ತೆಂದು ಮಾತು ಬಿಟ್ಟ ಮನೆತನಗಳನ್ನು ಮಾವನವರು ಬಲ್ಲರು. ಅಂಥ ಜಗಳಗಳನ್ನು ಕೌಂಟರಿನ ಮೇಲೇ ತೀರ್ಮಾನ ಮಾಡಿ, ಚಹಾ ಕುಡಿಸಿ ಕಳಿಸಿದವರು. ಆದ್ದರಿಂದ ನಾನು ಸಂಕೋಚಪಡದೆ ನನ್ನ ಆಕ್ಷೇಪಣೆಯನ್ನು ಅವರ ಮುಂದಿಟ್ಟೆ.

ಮಾವನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. “ಖರೆ ಐತ್ರಿ. ಇಬ್ಬರು ಅಳಿಯಂದ್ರಿದ್ದಾಗ ಒಬ್ಬರ ಹೆಸರಷ್ಟ ಹಾಕಿದ್ದು ತಪ್ಪು,” ಎಂದರು. ಕನ್ನಡಕ ಮತ್ತೆ ಏರಿಸಿ ತೀರ್ಪು ಕೊಟ್ಟರು. “ವೆಬ್‌ಸೈಟ್ ಹಳೇದಾಗೇತಿ. ಹೊಸಾದು ಮಾಡಸೂ ಕೆಲಸ ನಿಮ್ಮದು. ಟಪಾಲು ಅವರು ನೋಡಲಿ. ಹೊಸಾದು ಛಂದಾಗಿ ಸುರು ಆತಂದ್ರ ಮುಂದ ಹೆಸರಿನ ಕಾರಭಾರ ಎಲ್ಲಾ ನಿಮ್ಮ ಕಡೆ ಕೊಡೂಣು. ಅವರಿಗೂ ಕಂಪನಿ ಕೆಲಸ ಭಾಳ ಇರತೈತಿ.”

ಎಲ್ಲಾ ನನ್ನ ಕಡೆ! ಆ ಸಂಜೆ ಅಬಿಡ್ಸ್‌ನಿಂದ ಹಿಮಾಯತ್‌ನಗರದವರೆಗೆ ನಡೆದೇ ಬಂದೆ. ಆಟೋದವನೊಬ್ಬ “ಅಂಕಲ್” ಎಂದು ಕರೆದದ್ದೂ ಹಿತವಾಗಿತ್ತು.

ಹೊಸ ವೆಬ್‌ಸೈಟಿಗೆ ನಾನು ಪಟ್ಟ ಶ್ರಮವನ್ನು ಇಲ್ಲಿ ಬರೆಯುವುದಿಲ್ಲ, ಆತ್ಮಪ್ರಶಂಸೆಯಾದೀತು. ಗಣಪತಿಯ ಚಿತ್ರವನ್ನೇ ಏಳು ಬಾರಿ ಬದಲಾಯಿಸಿದೆ ಎಂದಷ್ಟೇ ಹೇಳುತ್ತೇನೆ. ಅದು ಬೇರೊಂದು ಕಂಪನಿಯ ಸರ್ವರಿನಲ್ಲಿ ಸಿದ್ಧವಾಗಿ ಕೂತಿತು. ಇನ್ನು ಉಳಿದದ್ದು ಹೆಸರಿನ ರೆಕಾರ್ಡಿನಲ್ಲಿ ಹಳೆಯ ಸರ್ವರಿನ ಅಂಕಿ ಅಳಿಸಿ ಹೊಸದನ್ನು ಬರೆಯುವುದು, ಅಷ್ಟೆ. ಆ ಖಾತೆ ಷಡ್ಡಕರ ಕೈಯಲ್ಲಿತ್ತು. ಮಾವನವರು ಪಂಚಾಂಗ ತೆರೆದು ಸೋಮವಾರ ಬೆಳಿಗ್ಗೆ ಹತ್ತರ ನಂತರದ ಮುಹೂರ್ತ ತೆಗೆದರು. ಜೊತೆಗೊಂದು ಕಟ್ಟಪ್ಪಣೆ: ಅಲ್ಲಿಯತನಕ ಹೊಸ ಸೈಟನ್ನು ಮನೆಯವರು ಯಾರೂ ತೆರೆದು ನೋಡುವಂತಿಲ್ಲ. ಅಂತಃಪಟ ಸರಿಯುವ ಮೊದಲು ವರ ವಧುವಿನ ಮುಖ ನೋಡುತ್ತಾನೆಯೇ?

ಶುಕ್ರವಾರ ಅಂಗಡಿಯಲ್ಲಿ ಷಡ್ಡಕರು ತಲೆ ಕೆರೆದುಕೊಂಡರು.

“ಆಡಿಟ್ ಸಾಹೇಬ್ರ, ಮುಹೂರ್ತಕ್ಕ ಬದಲಿ ಮಾಡಿದ್ರ ಮುಹೂರ್ತಕ್ಕ ಕಾಣೂದಿಲ್ಲರಿ. ರಾತ್ರಿ ಆಗತೈತಿ.”

“ಅದ್ಹೆಂಗ್ರಿ? ಬರದ ಮ್ಯಾಲೆ ಮುಗೀತಲ್ಲ. ಇದೇನು ಸರ್ಕಾರಿ ಆದೇಶ ಐತೇನು, ಜಿಲ್ಲಾಕ್ಕ ಮುಟ್ಟಾಕ?”

“ಭೇಷ್, ನೀವ ಹೇಳಿಬಿಟ್ರಿ. ಆದೇಶ ಇಲ್ಲಿ ಬದಲಾದ್ರೂ ಊರೂರ ಆಫೀಸಿನಾಗ ಹಳೇದರ ನಕಲು ಇರತೈತಿ. ಹನ್ನೆರಡು ತಾಸು ಇಟಗೋರಿ ಅಂತ ನಾವ ಬರದಿರತೀವಿ. ಆ ಹೊತ್ತು ಮುಗಿಯೂತನಾ ಅವರು ಹಳೇದನ್ನ ತೋರಸತಾರ.”

ಹದಿನೈದು ವರ್ಷ ಬೇರೆಯವರ ಸಬೂಬುಗಳನ್ನು ಓದಿದವನು ನಾನು. ಸಬೂಬಿನ ವಾಸನೆ ನನಗೆ ಗೊತ್ತು. ನನ್ನ ಸಮಾರಂಭ ಹಾಳಾಗಲಿ, ಕಾರಭಾರ ತನ್ನ ಬಳಿಯೇ ಉಳಿಯಲಿ ಎಂಬುದು ಅವರ ಹೂಟವೆಂದು ನಿಶ್ಚಯಿಸಿಕೊಂಡೆ. ಮುಹೂರ್ತಕ್ಕೇ ಆಗಬೇಕು ಎಂದು ಮಾವನವರ ಮುಂದೆ ಹಟ ಹಿಡಿದೆ. ಷಡ್ಡಕರು “ಆಗಲ್ರಿ, ಮುಹೂರ್ತಕ್ಕ ಕಾಣಸೂಣು” ಎಂದು ಹೊರಟುಹೋದರು.

ಸೋಮವಾರ ಅಂಗಡಿ ತುಂಬಿತ್ತು. ಅತ್ತೆಯವರು ಕಂಪ್ಯೂಟರಿಗೆ ಮಲ್ಲಿಗೆ ಮಾಲೆ ಹಾಕಿ ಕೀಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ನನ್ನ ಕಚೇರಿಯ ಮೇಲಧಿಕಾರಿಗಳನ್ನು ಕರೆದಿದ್ದೆ. ಅವರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮುಹೂರ್ತ ಬಂತು. ಷಡ್ಡಕರು ರೆಕಾರ್ಡಿನ ಪುಟ ತೆರೆದು ಗುಂಡಿ ಒತ್ತಿದರು. ಮಾವನವರು ತೆಂಗಿನಕಾಯಿ ಒಡೆದರು. ಮರುಕ್ಷಣವೇ ನನ್ನ ವೆಬ್‌ಸೈಟು, ಏಳನೆಯ ಗಣಪತಿಯೊಂದಿಗೆ, ಪರದೆಯ ಮೇಲೆ ಬೆಳಗಿತು. ನೆರೆದವರ ಮೊಬೈಲುಗಳಲ್ಲೂ ಬೆಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರು ಹಾಗೆ ಕೈಯಿಟ್ಟದ್ದು ಅದೇ ಮೊದಲು.

ಅಲ್ಲಿಗೆ ಕತೆ ಮುಗಿದಿದ್ದರೆ ನಾನು ಈ ಹೊತ್ತು ಬೇರೆ ಮನುಷ್ಯನಾಗಿರುತ್ತಿದ್ದೆ. ಆದರೆ ತಪಾಸಣೆ ಮಾಡಿದ ಕಣ್ಣು ಸುಮ್ಮನಿರುವುದಿಲ್ಲ. ಪೇಢೆ ಹಂಚುವ ಗದ್ದಲದಲ್ಲಿ ರೆಕಾರ್ಡಿನ ಪುಟ ಇನ್ನೊಂದು ಕಿಟಕಿಯಲ್ಲಿ ತೆರೆದೇ ಇತ್ತು. ಹೊಸ ಅಂಕಿಯ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ, ಬದಲಾವಣೆಯಾದ ಹೊತ್ತು. ಭಾನುವಾರ, ಸಂಜೆ ಐದು ಗಂಟೆ.

ಅಂದರೆ ಹಿಂದಿನ ದಿನವೇ ಅದನ್ನು ಬದಲಿಸಿಬಿಟ್ಟಿದ್ದರು. ಇವತ್ತು ಒತ್ತಿದ್ದು ಬರೀ ತೋರಿಕೆಗೆ. ಯಾರೂ ಸೈಟು ತೆರೆಯಬಾರದೆಂಬ ಮಾವನವರ ಅಪ್ಪಣೆಯಿಂದಾಗಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ನನ್ನ ಗೆಲುವು ಅವರು ಹಿಂದಿನ ಸಂಜೆ ಕೂತು ನನಗೆ ತಯಾರು ಮಾಡಿಟ್ಟ ಗೆಲುವು. ಬಾಯಲ್ಲಿದ್ದ ಪೇಢೆ ಮಣ್ಣಾಯಿತು. ಸೋತಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಭಾನುವಾರ ಸಂಜೆ ಐದು ಗಂಟೆಯೆಂದರೆ ನಟ್ಟನಡು ರಾಹುಕಾಲ.

ಮಧ್ಯಾಹ್ನ ಮಾವನವರ ಮನೆಯಲ್ಲಿ ಪಂಕ್ತಿ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ನಾನು ಗಂಟಲು ಸರಿಪಡಿಸಿಕೊಂಡು, ಕಡತ ಮಂಡಿಸುವ ಧ್ವನಿಯಲ್ಲಿ ಹೇಳಿದೆ: “ಮಾವಾರ, ಒಂದು ಮಾತು ನಿಮ್ಮ ಗಮನಕ್ಕ ತರಬೇಕು. ಬದಲಾವಣಿ ಮುಹೂರ್ತಕ್ಕ ಆಗಿಲ್ಲ. ನಿನ್ನೆ ರಾಹುಕಾಲದಾಗ ಆಗೇತಿ.”

ಅತ್ತೆಯವರ ಕೈಯಲ್ಲಿ ತುಪ್ಪದ ಮಿಳ್ಳಿ ನಿಂತಿತು. ಮಾವನವರು ಷಡ್ಡಕರ ಕಡೆ ತಿರುಗಿದರು. ನನ್ನ ಹೆಂಡತಿ ಎಲೆಯನ್ನೇ ನೋಡುತ್ತಿದ್ದಳು. ಷಡ್ಡಕರು ಹೋಳಿಗೆಯ ತುತ್ತು ನುಂಗಿ, ನೀರು ಕುಡಿದು, ಶಾಂತವಾಗಿ ಕೇಳಿದರು:

“ಮಾವಾರ, ಇಷ್ಟು ವರ್ಷ ಅಂಗಡಿ ನಡಸಿದ್ರಿ. ಲಗ್ನಪತ್ರಿಕಿ ಮುಹೂರ್ತಕ್ಕಿಂತ ಮೊದಲ ಹಂಚತಾರೋ, ತಾಳಿ ಕಟ್ಟೂ ಮುಂದ ಹಂಚತಾರೋ?”

“ಮೊದಲ ಹಂಚತಾರಪಾ.”

“ತಾಳಿ ಕಟ್ಟೂ ಮುಂದ ಹಂಚಿದ್ರ ಊಟಕ್ಕ ಯಾರು ಬರತಾರ್ರಿ? ನಾನೂ ನಿನ್ನೆ ಪತ್ರಿಕಿ ಹಂಚೇನಿ. ಲಗ್ನ ಇವತ್ತ ಆಗೇತಿ.”

ಮಾವನವರು ನಗತೊಡಗಿದರು. ಎಲೆಯ ಮುಂದೆ ಕೂತವರು ಕೆಮ್ಮು ಬರುವಷ್ಟು ನಕ್ಕರು. ಅತ್ತೆಯವರ ಮಿಳ್ಳಿ ಮತ್ತೆ ಚಲಿಸಿತು; ಷಡ್ಡಕರ ಎಲೆಗೆ ಎರಡು ಸಲ, ನನ್ನ ಎಲೆಗೆ ಒಂದು ಸಲ. ಕೈ ತೊಳೆದು ಬಂದ ಮಾವನವರು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಾ ತೀರ್ಪು ತಿದ್ದಿದರು.

“ಅಳಿಯಂದ್ರ, ಸೈಟ್ ಛಂದ ಮಾಡಸೀರಿ. ಆದ್ರ ಹೆಸರಿನ ಕಾರಭಾರ ಅವರ ಕಡೆನ ಇರಲಿ. ಹೆಸರು, ಟಪಾಲು ಎರಡೂ ಒಂದ ಕೈಯಾಗ ಇದ್ರ ಚಲೋ.”

ರಾತ್ರಿ ಹೆಂಡತಿ ಒಂದೇ ಮಾತು ಅಂದಳು: “ಅಲ್ರೀ, ಬಾಯಿ ಮುಚಗೊಂಡು ಹೋಳಿಗಿ ತಿಂದಿದ್ರ ಇಷ್ಟೊತ್ತಿಗೆ ಎಲ್ಲಾ ನಿಮ್ಮ ಕಡೆ ಇರತಿತ್ತು.” ಆದರೆ ನಾನು ಎತ್ತಿದ ಆಕ್ಷೇಪಣೆ ವಾಸ್ತವಾಂಶಗಳಿಂದ ಕೂಡಿತ್ತು ಎಂಬುದು ಇಂದಿಗೂ ನನ್ನ ನಿಲುವು.

ಷಡ್ಡಕರು ದೇವರಂಥ ಮನುಷ್ಯರೇನೂ ಆಗಿರಲಿಲ್ಲ. ಗೆದ್ದದ್ದನ್ನು ಮನಸಾರೆ ಅನುಭವಿಸುತ್ತಿದ್ದರು. ಮುಂದೆ ಮೇಲ್ ಸರ್ವರ್ ಬದಲಿಸುವಾಗಲೆಲ್ಲ ನನಗೆ ಫೋನು ಹಚ್ಚಿ, “ಆಡಿಟ್ ಸಾಹೇಬ್ರ, ರಾಹುಕಾಲ ಮುಗೀತೇನ್ರಿ? ಬದಲಿ ಮಾಡ್ಲ್ಯಾ?” ಎಂದು ಕೇಳುವರು. ಹಿಂದೆ ಯಾರೋ ನಗುವುದು ಕೇಳುತ್ತಿತ್ತು. ಹೆಂಡತಿಯ ಅಕ್ಕನೇ ಇರಬೇಕು.

ನಾನು ಸುಮ್ಮನಿರಲಿಲ್ಲ. ಆ ವಿದ್ಯೆಯನ್ನು ಗುಟ್ಟಾಗಿ ಕಲಿತೆ. ವೆಬ್‌ಸೈಟಿನ ರೆಕಾರ್ಡು ಯಾವುದು, ಇಮೇಲಿನದು ಯಾವುದು ಎಂದು ತಿಳಿದುಕೊಂಡೆ. ಇಮೇಲಿಗೆ ಎರಡು ಸರ್ವರುಗಳನ್ನು ಬರೆದಿಡಬಹುದು, ಎರಡಕ್ಕೂ ಒಂದೊಂದು ಅಂಕಿ ಕೊಡಬೇಕು, ಸಣ್ಣ ಅಂಕಿಯವನ ಬಾಗಿಲನ್ನೇ ಟಪಾಲು ಮೊದಲು ಬಡಿಯುತ್ತದೆ, ಅವನು ತೆರೆಯದಿದ್ದರೆ ಮಾತ್ರ ದೊಡ್ಡ ಅಂಕಿಯವನ ಬಳಿ ಬರುತ್ತದೆ ಎಂದು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದೆ. ಇಂಟರ್ನೆಟ್ಟನ್ನು ಕಟ್ಟಿದವರಿಗೂ ಒಬ್ಬ ಷಡ್ಡಕ ಇದ್ದಿರಬೇಕು.

ಅವರು ಎಲ್ಲಿಯಾದರೂ ಎಡವಲಿ ಎಂದು ಕಾದೆ. ವರ್ಷಗಟ್ಟಲೆ ಕಾದೆ. ಕೊನೆಗೆ ಒಂದು ಮದುವೆ ಹಂಗಾಮಿನಲ್ಲಿ ಅಂಗಡಿಯಿಂದ ಹೋದ ಪ್ರೂಫುಗಳು ಗಿರಾಕಿಗಳಿಗೆ ಸಿಗದಾದವು. ಎಲ್ಲವೂ ಅವರ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು. ಈ ಹೆಸರಿನಿಂದ ಮೇಲ್ ಕಳಿಸಲು ಯಾವ ಸರ್ವರಿಗೆ ಅಧಿಕಾರವಿದೆ ಎಂದು ಸಾರುವ ಒಂದು ಸಾಲು ರೆಕಾರ್ಡಿನಲ್ಲಿ ಇರಬೇಕು, ಅದು ಇರಲಿಲ್ಲ. ಇದನ್ನು ನಾನೇ ಕಂಡುಹಿಡಿದೆ. ಸಂತೋಷದಿಂದ ಷಡ್ಡಕರಿಗೆ ಫೋನು ಹಚ್ಚಿದೆ.

“ಹೌದಲ್ರಿ,” ಎಂದರು ಷಡ್ಡಕರು. “ನನಗ ಹೊಳೀಲೇ ಇಲ್ಲ. ನಾ ಮೀಟಿಂಗಿನ್ಯಾಗ ಅದೀನಿ. ಪಾಸ್‌ವರ್ಡ್ ಹೇಳತೀನಿ, ನೀವ ಹಾಕಿಬಿಡ್ರಿ.”

ಒಂದು ಕ್ಷಣವೂ ಹಿಂಜರಿಯಲಿಲ್ಲ. ನಾನು ವರ್ಷಗಟ್ಟಲೆ ಬಯಸಿದ ಕೀಲಿಯನ್ನು, ಬಸ್ ನಂಬರು ಹೇಳಿದ ಹಾಗೆ ಹೇಳಿಬಿಟ್ಟರು. ಸಾಲು ಬರೆದೆ. ಮರುದಿನಕ್ಕೆ ಪ್ರೂಫುಗಳು ತಲುಪತೊಡಗಿದವು. ಭಾನುವಾರ ಎಲ್ಲರೂ ಸೇರಿದಾಗ ಮಾವನವರು ಅಂದರು: “ದೊಡ್ಡವರು ಎಷ್ಟು ಜಲ್ದಿ ಸರಿ ಮಾಡಿದ್ರು ನೋಡ್ರಿ.”

“ನಾ ಅಲ್ರಿ ಮಾವಾರ. ಎಲ್ಲಾ ಆಡಿಟ್ ಸಾಹೇಬ್ರು ಮಾಡ್ಯಾರ. ತಪ್ಪು ನಂದಿತ್ತು,” ಎಂದರು ಷಡ್ಡಕರು. ಅಕ್ಷರಶಃ ನಿಜ.

ಅತ್ತೆಯವರು ಕಣ್ಣಂಚು ಒರೆಸಿಕೊಂಡರು. “ಏನು ದೊಡ್ಡ ಮನಸ್ಸ್ರಿ ಅವರದು. ಮಾಡಿದ್ದು ತಾವು, ಹೆಸರು ಸಣ್ಣವರಿಗೆ ಕೊಡತಾರ.”

ಅಂದು ನನಗೆ ಖಚಿತವಾಯಿತು. ಈ ಮನುಷ್ಯನ ಎದುರು ಸುಳ್ಳೂ ನಡೆಯದು, ನಿಜವೂ ನಡೆಯದು.

ಷಡ್ಡಕರು ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ. ಬೇಗಂಪೇಟೆಯ ಕಚೇರಿಯಲ್ಲಿ ಊಟದ ಡಬ್ಬಿ ತೆರೆದು ಕೂತವರು, ಎದುರಿಗಿದ್ದವರಿಗೆ ಏನೋ ಹೇಳಿ ನಗುತ್ತಿದ್ದಂತೆಯೇ ಕುಸಿದರಂತೆ... ಏನು ಹೇಳುತ್ತಿದ್ದರೆಂದು ಎಷ್ಟು ಕೇಳಿದರೂ ಯಾರಿಗೂ ನೆನಪಾಗಲಿಲ್ಲ. ಸಾವಿನಲ್ಲೂ ನನಗಿಂತ ಸೊಗಸಾಗಿ ನಡೆದುಕೊಂಡರು. ಮಸಣಕ್ಕೆ ಆಟೋದವರು ಕೂಡ ಬಂದಿದ್ದರು.

ಕೆಲವು ವಾರಗಳಾದ ಮೇಲೆ ಡೊಮೈನ್ ನವೀಕರಿಸುವ ದಿನ ಹತ್ತಿರ ಬಂತು. ಖಾತೆಯನ್ನು ನನ್ನ ಹೆಸರಿಗೆ ಮಾಡಿಕೊಳ್ಳಬೇಕಿತ್ತು. ಅವರ ಮನೆಗೆ ಹೋದೆ. ಪಾಸ್‌ವರ್ಡ್ ಅದೇ ಇತ್ತು. ಆದರೆ ಖಾತೆಯ ಒಳಗೆ ಹೋಗಲು ಅವರ ಫೋನಿಗೆ ಒಂದು ಸಂಕೇತ ಬರಬೇಕು. ಹೆಂಡತಿಯ ಅಕ್ಕ ಆ ಫೋನನ್ನು ದಿನಾ ಚಾರ್ಜ್ ಮಾಡಿ ದೇವರ ಗೂಡಿನ ಪಕ್ಕ ಇಡುತ್ತಿದ್ದರು. ನಾನು ಗುಂಡಿ ಒತ್ತಿದೆ. ಫೋನು ಸದ್ದು ಮಾಡಿತು.

“ಭಾಳ ದಿನಕ್ಕ ಇವರ ಫೋನಿಗೆ ಏನರೆ ಬಂತು ನೋಡ್ರಿ,” ಎಂದರು ಅಕ್ಕ.

ಒಂದೊಂದೇ ಅಂಕಿಯನ್ನು ಅವರು ಓದಿದರು, ನಾನು ಒತ್ತಿದೆ. ಓದುವಾಗ ಒಂದು ಕಡೆ ಧ್ವನಿ ನಿಂತಿತು. ಸಂಕೇತದ ಅವಧಿ ಮುಗಿದುಹೋಯಿತು. ಮತ್ತೊಮ್ಮೆ ತರಿಸಿಕೊಂಡೆವು. ಆಡಳಿತದ ಸಂಪರ್ಕ, ತಾಂತ್ರಿಕ ಸಂಪರ್ಕ, ಎರಡೂ ಕಡೆ ಅವರ ಹೆಸರು ಅಳಿಸಿ ನನ್ನ ಹೆಸರು ಬರೆದೆ. ಹಾಗೆ ಬರೆಯುವ ದಿನ ನನಗೆ ಹೇಗನಿಸಬಹುದೆಂದು ಬಹಳ ಸಲ ಊಹಿಸಿಕೊಂಡಿದ್ದೆ. ಊಹೆಗಳಲ್ಲೆಲ್ಲ ಅವರು ಎದುರಿಗೆ ಕೂತು ನೋಡುತ್ತಿದ್ದರು... ಅಕ್ಕ ಚಹಾ ಮಾಡಿಕೊಟ್ಟರು. ಕುಡಿದು ಬಂದೆ.

ಈಗ ಅಂಗಡಿ ಮುಚ್ಚಿದೆ. ಪತ್ರಿಕೆಗಳು ಮೊಬೈಲಿನಲ್ಲೇ ಹುಟ್ಟಿ ಮೊಬೈಲಿನಲ್ಲೇ ಅಳಿಯುತ್ತವೆ. ಅತ್ತೆಯವರು ಇಲ್ಲ. ಮಾವನವರು ನಮ್ಮ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ಪೇಪರು ಓದಿ ಹೇಳುವವನು ನಾನೇ, ಸಂಜೆ ಕೈಹಿಡಿದು ತಾರಸಿಯಲ್ಲಿ ನಡೆಸುವವನೂ ನಾನೇ. ಹಳೆಯ ಗಿರಾಕಿಗಳು ಆಗೀಗ ಬರೆಯುತ್ತಾರೆಂದು ಆ ಹೆಸರನ್ನು ಅವರು ಬಿಡಗೊಟ್ಟಿಲ್ಲ. ಈಚೆಗೆ ಹೋಸ್ಟಿಂಗ್ ಕಂಪನಿಯವರು ಸರ್ವರ್ ಬದಲಾಯಿಸುವುದಾಗಿ ತಿಳಿಸಿದರು. ರೆಕಾರ್ಡು ತಿದ್ದಬೇಕಿತ್ತು. ಮಾಲೀಕರಿಗೆ ಹೇಳುವುದು ಧರ್ಮವೆಂದು ಹೇಳಿದೆ.

ಮಾವನವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಹೆಸರು ಈಗ ಯಾರ ಕಡೆ ಐತಿ?”

“ನನ್ನ ಕಡೆ ಐತ್ರಿ.”

“ಚಲೋ ಆತು,” ಎಂದರು. ಆಮೇಲೆ ಮೆಲ್ಲಗೆ ಸೇರಿಸಿದರು: “ಆದ್ರೂ ದೊಡ್ಡ ಅಳಿಯಂದ್ರನ್ನ ಒಂದು ಮಾತು ಕೇಳಿ ಮಾಡ್ರಿ.”

“ಆಗಲ್ರಿ,” ಎಂದೆ.

ಮರುದಿನ ರೆಕಾರ್ಡು ತಿದ್ದಿದೆ. ವೆಬ್‌ಸೈಟೂ ಇಮೇಲೂ ಸರಿಯಾಗಿ ನಡೆಯುತ್ತಿವೆ.